ಎಂಡೋಸ್ಕೋಪಿಯಲ್ಲಿ ‘ಬಿಳಿ ಮಚ್ಚೆ’ ಅಂತ ಬಂದರೆ ಏನೇನು ಮಾಡಬೇಕು

ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಪೈಪು ಇಳಿಸಿ ಅನ್ನನಾಳ, ಹೊಟ್ಟೆ ನೋಡುವ ಪರೀಕ್ಷೆ ಮುಗಿಸಿ ಹೊರಗೆ ಬಂದವರ ಕೈಗೆ ಬಣ್ಣದ ಫೋಟೋ ಇರುವ ಒಂದು ಹಾಳೆ ಕೊಡುತ್ತೇವೆ. ಕೆಲವರ ಹಾಳೆಯಲ್ಲಿ ‘ವೈಟ್ ಪ್ಲೇಕ್ಸ್’ ಅಂತಲೋ ‘ವೈಟಿಶ್ ಲೀಷನ್ಸ್’ ಅಂತಲೋ ಒಂದು ಸಾಲು ಇರುತ್ತದೆ. ಅಂದರೆ ಅನ್ನನಾಳದ ಒಳಗೋಡೆಯ ಮೇಲೆ ಏನೋ ಬೆಳ್ಳಗೆ ಕಂಡಿದೆ ಅಂತ. ಸಬ್‌ಅರ್ಬನ್ ಬಸ್ ಸ್ಟ್ಯಾಂಡ್ ತಲುಪುವ ಮೊದಲೇ ಮಗನೋ ಅಳಿಯನೋ ಆ ಪದವನ್ನು ಮೊಬೈಲಿಗೆ ಹಾಕಿ ಹುಡುಕಿರುತ್ತಾನೆ. ಬಸ್ಸು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಕ್ಯಾನ್ಸರ್ ಅನ್ನುವ ಮಾತು ಬಂದಾಗಿರುತ್ತದೆ. ಮಂಡ್ಯದಲ್ಲಿ ಇಳಿಯುವಾಗ ಯಾರ ಮುಖದಲ್ಲೂ ಕಳೆ ಇರುವುದಿಲ್ಲ.

ನಾನು ಮೈಸೂರಿನ ಒಂದು ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್ ಆಗಿದ್ದೇನೆ. ಬಾಗಿಲ ಹತ್ತಿರ ಎರಡು ನಿಮಿಷದಲ್ಲಿ ಹೇಳಿ ಮುಗಿಸುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ: ಬಿಳಿ ಮಚ್ಚೆ ಕಾಯಿಲೆಯ ಹೆಸರಲ್ಲ, ಕಣ್ಣಿಗೆ ಕಂಡದ್ದು ಅಷ್ಟೇ. ಕಬ್ಬಿನ ಗರಿ ಬಿಳಿಚಿಕೊಂಡಿದೆ ಅಂತ ನೀವು ಹೇಳಿದರೆ ಪಕ್ಕದ ಹೊಲದವರು ತಕ್ಷಣ ಔಷಧ ಹೊಡಿ ಅನ್ನುತ್ತಾರಾ? ನೀರು ಎಷ್ಟು ಬಿಟ್ಟೆ, ಏನು ಗೊಬ್ಬರ ಹಾಕಿದೆ, ಯಾವಾಗಿಂದ ಹೀಗಿದೆ ಅಂತ ಕೇಳುತ್ತಾರೆ. ಇಲ್ಲೂ ಹಾಗೇ. ಮಚ್ಚೆ ಏನು ಅಂತ ತೀರ್ಮಾನ ಆಗುವುದು ಎರಡರಿಂದ. ಒಂದು ನೀವು ಬಾಯಿಬಿಟ್ಟು ಹೇಳುವ ವಿವರ, ಇನ್ನೊಂದು ಬಯಾಪ್ಸಿ, ಅಂದರೆ ಆ ಜಾಗದ ಸಣ್ಣ ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು. ಈ ಎರಡೂ ನಿಮ್ಮ ಕೈಯಲ್ಲೇ ಇವೆ.

ಬರುವ ಮೊದಲು

ಖಾಲಿ ಹೊಟ್ಟೆ ಅಂದರೆ ನಿಜವಾಗಿಯೂ ಖಾಲಿ ಹೊಟ್ಟೆ. ಊಟ ತಿಂಡಿ ಬಿಟ್ಟು 6ರಿಂದ 8 ಗಂಟೆ ಆಗಿರಬೇಕು. ಹಾಲು, ಕಾಫಿ, ಮಜ್ಜಿಗೆ ಕೂಡ ಊಟದ ಲೆಕ್ಕವೇ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ ಬಿಡುತ್ತಾರೆ, ಆದರೆ ನಿಮಗೆ ಚೀಟಿ ಬರೆದವರು ಏನು ಹೇಳಿದ್ದಾರೋ ಅದನ್ನೇ ಪಾಲಿಸಿ. ಮುಖ್ಯವಾಗಿ, ಎದೆಯುರಿಗೆ ಕುಡಿಯುವ ಬಿಳಿ ಔಷಧ ಅಥವಾ ಸುಕ್ರಾಲ್ಫೇಟ್ ಸಿರಪ್ಪನ್ನು ಅವತ್ತು ಬೆಳಗ್ಗೆ ಕುಡಿಯಬೇಡಿ. ‘ಗ್ಯಾಸ್ ಜಾಸ್ತಿ ಇತ್ತು, ಒಂದು ಮುಚ್ಚಳ ಕುಡಿದೆ’ ಅಂತ ಆಮೇಲೆ ಹೇಳುತ್ತಾರೆ. ಅದು ಅನ್ನನಾಳದ ಗೋಡೆಗೆ ಸುಣ್ಣ ಬಳಿದ ಹಾಗೆ ಅಂಟಿಕೊಂಡಿರುತ್ತದೆ. ಅದರ ಕೆಳಗೆ ಏನಿದೆ ಅಂತ ನೋಡುವುದಕ್ಕೇ ಅರ್ಧ ಸಮಯ ಹೋಗುತ್ತದೆ.

ಶುಗರ್ ಇರುವವರು ಒಂದು ದಿನ ಮೊದಲೇ ಕೇಳಿ, ಬೆಳಗಿನ ಮಾತ್ರೆ ಅಥವಾ ಇನ್ಸುಲಿನ್ ತಗೋಬೇಕಾ ಬೇಡವಾ ಅಂತ. ಮಾತ್ರೆ ನುಂಗಿ, ಏನೂ ತಿನ್ನದೆ, ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಬಸ್ಸು ಹತ್ತಿ, ಇಲ್ಲಿ ಬಂದು ಟೋಕನ್ ಹಿಡಿದು ಕೂತು ಬೆವರಿ ತಲೆಸುತ್ತಿ ಬಿದ್ದವರನ್ನು ನೋಡಿದ್ದೇನೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಅದನ್ನು ನೀವೇ ನಿಲ್ಲಿಸಬೇಡಿ. ಕ್ಲೋಪಿಡೋಗ್ರೆಲ್ ಆಗಲಿ ವಾರ್ಫರಿನ್ ಆಗಲಿ ಇದೆ ಅಂತ ಹೇಳಿ ಸಾಕು. ಸಣ್ಣ ಬಯಾಪ್ಸಿಗೆ ಸಾಮಾನ್ಯವಾಗಿ ಅವುಗಳಿಂದ ಅಡ್ಡಿ ಇಲ್ಲ, ತೀರ್ಮಾನ ಮಾತ್ರ ಡಾಕ್ಟರದ್ದು.

ಇನ್ನು ಮನೆಯಲ್ಲಿರುವ ಮಾತ್ರೆಗಳು. ಒಂದೂ ಬಿಡದೆ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಬನ್ನಿ. ಇನ್ಹೇಲರ್ ಕೂಡ. ಬಹಳ ಜನ ಇನ್ಹೇಲರನ್ನು ಔಷಧ ಅಂತ ಎಣಿಸುವುದೇ ಇಲ್ಲ. ‘ಬೇರೆ ಏನಾದರೂ ಮಾತ್ರೆ ಇದೆಯಾ?’ ಅಂದರೆ ‘ಏನೂ ಇಲ್ಲ’ ಅನ್ನುತ್ತಾರೆ, ಸೊಂಟದ ಚೀಲದಲ್ಲಿ ಇನ್ಹೇಲರ್ ಇರುತ್ತದೆ. ಕೀಲುನೋವಿಗೆ ಯಾರೋ ಕೊಟ್ಟ ಪುಡಿ, ಹೆಸರಿಲ್ಲದ ಮಾತ್ರೆ, ವಾರಕ್ಕೊಂದು ನುಂಗುವ ಮೂಳೆಯ ಮಾತ್ರೆ, ಮೊಡವೆಗೋ ಸೋಂಕಿಗೋ ಕೊಟ್ಟ ಡಾಕ್ಸಿಸೈಕ್ಲಿನ್, ಕಬ್ಬಿಣದ ಮಾತ್ರೆ, ಎಲ್ಲವೂ ಬೇಕು. ಇವುಗಳಲ್ಲಿ ಕೆಲವು ತಾವೇ ಅನ್ನನಾಳದಲ್ಲಿ ನಿಂತು ಸುಟ್ಟು ಹುಣ್ಣು ಮಾಡುತ್ತವೆ. ಆ ಹುಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ.

ಮುದ್ದೆಯ ಪ್ರಶ್ನೆ

ನಮ್ಮ ಕಡೆಯವರಿಗೆ ನಾನು ಯಾವತ್ತೂ ಕೇಳುವ ಮೊದಲ ಪ್ರಶ್ನೆ ಇದು: ಮುದ್ದೆ ಸಲೀಸಾಗಿ ಇಳಿಯುತ್ತದಾ? ಚಪಾತಿಯನ್ನಾದರೆ ಅಗಿದು ಅಗಿದು ಒಳಗೆ ಕಳಿಸಬಹುದು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿಗೆ ಅದ್ದಿ ಗುಳುಕ್ ಅಂತ ನುಂಗುತ್ತೇವೆ. ಹಾಗಾಗಿ ಅನ್ನನಾಳದಲ್ಲಿ ಸ್ವಲ್ಪ ಬಿಗಿ ಬಂದರೂ ಮೊದಲು ನಿಲ್ಲುವುದು ಮುದ್ದೆಯೇ. ತೊಂದರೆ ಏನೆಂದರೆ ಜನ ಅದನ್ನು ದೂರು ಅಂತ ಹೇಳುವುದಿಲ್ಲ. ಸುಮ್ನೆ ತುತ್ತು ಸಣ್ಣದು ಮಾಡಿಕೊಳ್ಳುತ್ತಾರೆ. ಆಮೇಲೆ ಮುದ್ದೆ ಬಿಟ್ಟು ಮೆತ್ತಗೆ ಬೇಯಿಸಿದ ಅನ್ನ, ಆಮೇಲೆ ಗಂಜಿ. ಒಬ್ಬ ಅಜ್ಜಿಯನ್ನು ‘ಅವ್ವ, ಯಾವಾಗಿಂದ ಮುದ್ದೆ ಇಳೀತಿಲ್ಲ?’ ಅಂತ ಕೇಳಿದೆ. ‘ಮುದ್ದೆ ಬಿಟ್ಟು ವರ್ಷಾಯ್ತು ಕಣವ್ವ, ಎದೇಲಿ ನಿಂತ್ಕತದೆ’ ಅಂದರು. ಪಕ್ಕದಲ್ಲಿದ್ದ ಸೊಸೆಗೆ ಅದು ಅವತ್ತೇ ಗೊತ್ತಾಗಿದ್ದು. ಅತ್ತೆಗೆ ವಯಸ್ಸಾಯಿತು, ಅದಕ್ಕೆ ಗಂಜಿ ಕೇಳುತ್ತಾರೆ ಅಂದುಕೊಂಡಿದ್ದರು.

ಆದ್ದರಿಂದ ಬರುವ ಮೊದಲು ಮನೆಯವರು ಕೂತು ಯೋಚಿಸಿ. ಒಂದು ವರ್ಷದ ಹಿಂದೆ ಏನು ತಿನ್ನುತ್ತಿದ್ದರು, ಈಗ ಏನು ತಿನ್ನುತ್ತಾರೆ? ಬಟ್ಟೆ ಸಡಿಲ ಆಗಿದೆಯಾ? ಬರೀ ಗಟ್ಟಿ ಪದಾರ್ಥ ನಿಲ್ಲುತ್ತದಾ, ನೀರೂ ನಿಲ್ಲುತ್ತದಾ? ನುಂಗುವಾಗ ನೋವಾ, ಸಿಕ್ಕಿಕೊಂಡ ಹಾಗಾ? ನೋವು ಬೇರೆ, ಸಿಕ್ಕಿಕೊಳ್ಳುವುದು ಬೇರೆ. ಮತ್ತೆ ಎಲೆ ಅಡಿಕೆ, ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿ, ಕುಡಿತ. ಇದನ್ನು ಮುಚ್ಚಿಡಬೇಡಿ. ಹೆಂಗಸರು ಕಡ್ಡಿಪುಡಿ ವಿಷಯ ಹೇಳುವುದಕ್ಕೆ ನಾಚುತ್ತಾರೆ, ಮಗ ಪಕ್ಕದಲ್ಲಿದ್ದರಂತೂ ಬಾಯಿಯೇ ಬಿಡುವುದಿಲ್ಲ. ಹಾಗಿದ್ದರೆ ಮಗನನ್ನು ಹೊರಗೆ ಕಳಿಸಿ ಹೇಳಿ, ಆದರೆ ಹೇಳಿ.

ಒಳಗೆ ನಾವು ಏನು ಮಾಡುತ್ತೇವೆ

ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತೇವೆ. ಕಹಿ ಇರುತ್ತದೆ, ನುಂಗಬಹುದು. ಎಡ ಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಒಂದು ಬಳೆಯಂಥದ್ದು ಇಡುತ್ತೇವೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ಮೊದಲೇ ತೆಗೆದು ಮನೆಯವರ ಕೈಗೆ ಕೊಡಿ. ಆಮೇಲೆ ನಿಮ್ಮ ಕೆಲಸ ಮೂಗಿನಲ್ಲಿ ನಿಧಾನವಾಗಿ ಉಸಿರಾಡುವುದು. ಉಗುಳು ಬಂದರೆ ನುಂಗಬೇಡಿ, ಹೊರಗೆ ಹರಿಯಲಿ ಬಿಡಿ, ನಾವು ಒರೆಸುತ್ತೇವೆ.

ಅನ್ನನಾಳ ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ. ಅದರ ಒಳಗೋಡೆ ಸಹಜವಾಗಿ ತಿಳಿ ಗುಲಾಬಿ ಬಣ್ಣ, ಹೊಳಪಾಗಿ ಇರುತ್ತದೆ, ಸಣ್ಣ ರಕ್ತನಾಳಗಳು ಗೆರೆ ಗೆರೆಯಾಗಿ ಕಾಣುತ್ತವೆ. ಹೊಟ್ಟೆ ಶುರುವಾಗುವ ಕಡೆ ಬಣ್ಣ ಕೆಂಪಿಗೆ ತಿರುಗುತ್ತದೆ. ಈ ಗುಲಾಬಿಯ ಮೇಲೆ ಬಿಳಿ ಕಂಡರೆ ಡಾಕ್ಟರು ಮೊದಲು ಮಾಡುವುದು ನೀರು ಹೊಡೆಯುವುದು. ನೀರಿಗೆ ಹೋದರೆ ಅದು ಉಗುಳು, ನೊರೆ, ಔಷಧ, ಅನ್ನದ ಅಗುಳು. ಹೋಗದೆ ಅಂಟಿಕೊಂಡಿದ್ದರೆ ಮೆಲ್ಲಗೆ ಉಜ್ಜಿ ನೋಡುತ್ತಾರೆ. ಕೆನೆ ಎದ್ದ ಹಾಗೆ ಎದ್ದು ಬಂದು ಕೆಳಗೆ ಕೆಂಪಗೆ ಕಂಡರೆ, ಸ್ವಲ್ಪ ರಕ್ತ ಜಿನುಗಿದರೆ, ಮೊದಲು ಯೋಚಿಸುವುದು ಕ್ಯಾಂಡಿಡಾ ಅನ್ನುವ ಫಂಗಸ್. ಉಜ್ಜಿದರೂ ಏಳದೆ ಗೋಡೆಯದ್ದೇ ಭಾಗವಾಗಿ ಉಬ್ಬಿಕೊಂಡಿದ್ದರೆ ಯೋಚನೆ ಬೇರೆ ದಾರಿ ಹಿಡಿಯುತ್ತದೆ.

ಕೆಲವು ಯಂತ್ರಗಳಲ್ಲಿ ಒಂದು ಗುಂಡಿ ಒತ್ತಿದರೆ ಬೆಳಕು ನೀಲಿ-ಹಸಿರಿಗೆ ಬದಲಾಗುತ್ತದೆ. ಎನ್‌ಬಿಐ ಅನ್ನುತ್ತೇವೆ. ಆ ಬೆಳಕಿನಲ್ಲಿ ಮೇಲ್ಪದರದ ರಕ್ತನಾಳಗಳು ಚೆನ್ನಾಗಿ ಎದ್ದು ಕಾಣುತ್ತವೆ, ಕೆಟ್ಟ ಜಾಗ ಕಂದು ಚುಕ್ಕೆಗಳಾಗಿ ಬೇರೆಯಾಗುತ್ತದೆ. ಅನುಮಾನ ಬಂದರೆ ಲೂಗಾಲ್ ಅಯೋಡಿನ್ ದ್ರವ ಸಿಂಪಡಿಸುವುದೂ ಉಂಟು. ಆರೋಗ್ಯವಾದ ಗೋಡೆಯ ಜೀವಕೋಶಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ, ಅದು ಅಯೋಡಿನ್ ಕುಡಿದು ಕಡು ಕಂದಾಗುತ್ತದೆ. ಕೆಟ್ಟ ಜಾಗ ಬಣ್ಣ ಹಿಡಿಯದೆ ಮಾಸಲಾಗಿ ಉಳಿಯುತ್ತದೆ. ಅಯೋಡಿನ್ ಅಲರ್ಜಿ ಇದ್ದವರು, ಥೈರಾಯ್ಡ್ ತೊಂದರೆ ಇರುವವರು ಮೊದಲೇ ತಿಳಿಸಬೇಕು. ಇದಾದ ಮೇಲೆ ಎದೆಯಲ್ಲಿ ಸ್ವಲ್ಪ ಹೊತ್ತು ಉರಿ ಇರಬಹುದು.

ಬಯಾಪ್ಸಿ ಅಂದರೆ ಜನ ಹೆದರುತ್ತಾರೆ. ಸಣ್ಣ ಇಕ್ಕಳದಿಂದ ಎರಡು ಮೂರು ಮಿಲಿಮೀಟರಿನ ಚೂರು ಕಿತ್ತುಕೊಳ್ಳುವುದು ಅಷ್ಟೇ. ಅಲ್ಲಿ ಚುಚ್ಚಿದ ನೋವು ತಿಳಿಯುವುದಿಲ್ಲ. ‘ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ’ ಅಂತ ಊರಲ್ಲಿ ಹೇಳುತ್ತಾರೆ, ಆ ಮಾತು ಕೇಳಿ ದಯವಿಟ್ಟು ಬೇಡ ಅನ್ನಬೇಡಿ. ಅದು ನಿಜವಲ್ಲ. ಬಿಳಿ ಮಚ್ಚೆಯ ವಿಷಯದಲ್ಲಿ ಬಯಾಪ್ಸಿ ಬೇಡ ಅಂದರೆ ನೀವು ಅಷ್ಟು ದೂರ ಬಂದು ಪೈಪು ನುಂಗಿದ್ದಕ್ಕೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಮುಗಿದ ಮೇಲೆ ಗಂಟಲಿನ ಮರಗಟ್ಟು ಬಿಡುವವರೆಗೆ, ಅರ್ಧ ಗಂಟೆಯಿಂದ ಒಂದು ಗಂಟೆ, ಏನೂ ಕುಡಿಯಬೇಡಿ. ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಅವತ್ತು ಬೈಕು ಓಡಿಸುವಂತಿಲ್ಲ, ಜಮೀನಿನ ಪತ್ರಕ್ಕೆ ಸಹಿಯೂ ಬೇಡ. ಎದೆ ಅಥವಾ ಕುತ್ತಿಗೆಯಲ್ಲಿ ಜೋರು ನೋವು, ಜ್ವರ, ಉಸಿರಾಟಕ್ಕೆ ಕಷ್ಟ, ರಕ್ತ ವಾಂತಿ, ಕಪ್ಪು ಮಲ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಇವು ಅಪರೂಪ, ಆದರೆ ಬಂದರೆ ಆಗಲೇ ಬರಬೇಕು.

ಹಾಳೆ ಓದುವುದು

ಹಾಳೆಯಲ್ಲಿರುವ ಸೆಂಟಿಮೀಟರ್ ಲೆಕ್ಕ ನಿಮ್ಮ ಮುಂದಿನ ಹಲ್ಲಿನಿಂದ ಶುರು. ಅನ್ನನಾಳ ಹಲ್ಲಿನಿಂದ ಸುಮಾರು 15ಕ್ಕೆ ಶುರುವಾಗಿ 40ರ ಹತ್ತಿರ ಹೊಟ್ಟೆ ಸೇರುತ್ತದೆ. ‘ಝಡ್ ಲೈನ್ 38’ ಅಂತ ಇದ್ದರೆ ಅದು ಗುಲಾಬಿ ಮುಗಿದು ಕೆಂಪು ಶುರುವಾಗುವ ಗೆರೆ. ‘25ರಿಂದ 35ರವರೆಗೆ ವೈಟ್ ಪ್ಲೇಕ್ಸ್’ ಅಂದರೆ ನಡುಭಾಗದಿಂದ ಕೆಳಗಿನವರೆಗೆ ಅಂತ. ಕ್ಯಾಂಡಿಡಾ ಅನುಮಾನಕ್ಕೆ ‘ಕೊಡ್ಸಿ ಗ್ರೇಡ್’ ಅಂತ 1ರಿಂದ 4ರವರೆಗೆ ಒಂದು ಅಂಕಿ ಬರೆಯುತ್ತಾರೆ. 1 ಅಂದರೆ ಅಲ್ಲೊಂದು ಇಲ್ಲೊಂದು ಸಣ್ಣ ಚುಕ್ಕೆ, 4 ಅಂದರೆ ಪೂರ್ತಿ ಮುತ್ತಿಕೊಂಡು ದಾರಿಯೂ ಕಿರಿದಾಗಿದೆ ಅಂತ. ಇದು ಕ್ಯಾನ್ಸರ್ ಸ್ಟೇಜ್ ಅಲ್ಲ. ಗ್ರೇಡ್ 3 ಅಂತ ನೋಡಿ ಮೂರನೇ ಸ್ಟೇಜ್ ಅಂದುಕೊಂಡು ಅತ್ತವರಿದ್ದಾರೆ.

‘ಬಯಾಪ್ಸಿ ಟೇಕನ್’ ಅನ್ನುವ ಪದ ಹುಡುಕಿ. ಇಲ್ಲದಿದ್ದರೆ ಅಲ್ಲೇ ಕೇಳಿ: ‘ಸಾರ್, ಚೂರು ತೆಗೆದಿದ್ದೀರಾ? ತೆಗೆದಿಲ್ಲ ಅಂದರೆ ಯಾಕೆ ಬೇಡ ಅನಿಸಿತು?’ ಇದು ಎದುರು ಮಾತಾಡಿದ ಹಾಗಲ್ಲ. ನೋಡಿದ ತಕ್ಷಣ ಗೊತ್ತಾಗುವ ಮಚ್ಚೆಗಳೂ ಇರುತ್ತವೆ, ಆಗ ಡಾಕ್ಟರು ಕಾರಣ ಹೇಳುತ್ತಾರೆ. ನೀರು ಹೊಡೆದಾಗ ಹೋಯಿತಾ, ಒಂದೇ ಇತ್ತಾ ಹರಡಿತ್ತಾ, ಮತ್ತೆ ಪೈಪು ಹಾಕಿ ನೋಡಬೇಕಾ, ಯಾವಾಗ ಅಂತಲೂ ಅವಾಗಲೇ ಕೇಳಿಕೊಳ್ಳಿ. ವಾಪಸ್ ಊರಿಗೆ ಹೋದ ಮೇಲೆ ಫೋನಿನಲ್ಲಿ ಈ ಮಾತು ಆಗುವುದಿಲ್ಲ.

ಏನೇನು ಇರಬಹುದು

ಕ್ಯಾಂಡಿಡಾವನ್ನೇ ಮೊದಲು ಹೇಳುತ್ತೇನೆ, ಜಾಸ್ತಿ ನೋಡುವುದು ಅದನ್ನೇ. ಮೊಸರು ಒಡೆದು ಅಂಟಿಕೊಂಡ ಹಾಗೆ ಬಿಳಿ-ಹಳದಿ ಪದರ. ಶುಗರ್ ಹತೋಟಿಯಲ್ಲಿ ಇಲ್ಲದವರು, ಬಹಳ ದಿನ ಆಂಟಿಬಯಾಟಿಕ್ ಅಥವಾ ಸ್ಟೆರಾಯ್ಡ್ ತಗೊಂಡವರು, ಕೀಮೋ ನಡೆಯುತ್ತಿರುವವರು, ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು, ಎಚ್‌ಐವಿ ಇರುವವರು, ಇವರಲ್ಲಿ ಬರುತ್ತದೆ. ಮತ್ತೆ ಉಬ್ಬಸಕ್ಕೆ ಸ್ಟೆರಾಯ್ಡ್ ಇನ್ಹೇಲರ್ ಎಳೆದು ಬಾಯಿ ಮುಕ್ಕಳಿಸದವರು. ಮದ್ದೂರು ಕಡೆಯ ಒಬ್ಬರಿಗೆ ಎರಡು ಸಲ ಬಂತು, ಎರಡು ಸಲವೂ ಮಾತ್ರೆಯಲ್ಲಿ ವಾಸಿ ಆಯಿತು. ಮೂರನೇ ಸಲ ಬಂದಾಗ ಇನ್ಹೇಲರ್ ಹೇಗೆ ಎಳೆಯುತ್ತೀರಿ ತೋರಿಸಿ ಅಂದೆ. ಎಳೆದರು, ಬಾಯಿ ಮುಚ್ಚಿದರು, ಕೂತರು. ಇಷ್ಟು ವರ್ಷ ಯಾರೂ ಅವರಿಗೆ ನೀರು ಮುಕ್ಕಳಿಸಿ ಉಗಿಯಬೇಕು ಅಂತ ಹೇಳಿರಲೇ ಇಲ್ಲ. ಇನ್ಹೇಲರ್ ನಿಲ್ಲಿಸಬೇಡಿ, ಅದು ಉಸಿರಿನ ವಿಷಯ. ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಹಾಕಿಕೊಂಡು ಎಳೆಯಿರಿ, ಎಳೆದ ಮೇಲೆ ಪ್ರತಿ ಸಲವೂ ಮುಕ್ಕಳಿಸಿ ಉಗಿಯಿರಿ.

ಎಚ್‌ಐವಿ ಪರೀಕ್ಷೆ ಬರೆದುಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ನಡತೆಯ ಮೇಲೆ ಯಾರೂ ಅನುಮಾನ ಪಡುತ್ತಿಲ್ಲ. ಕಾರಣ ಕಾಣದ ಕ್ಯಾಂಡಿಡಾ ಬಂದರೆ ಅದನ್ನು ನೋಡುವುದು ಪದ್ಧತಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಅನ್ನುವ ಸಲಹೆ-ಪರೀಕ್ಷೆ ಕೇಂದ್ರದಲ್ಲಿ ಇದು ಉಚಿತ, ಗುಟ್ಟಾಗಿಯೂ ಇಡುತ್ತಾರೆ.

ಔಷಧ ಸಾಮಾನ್ಯವಾಗಿ ಫ್ಲುಕೊನಜೋಲ್, ಎರಡರಿಂದ ಮೂರು ವಾರ. ನಾಲ್ಕು ದಿನಕ್ಕೆ ನುಂಗುವುದು ಸಲೀಸಾಯಿತು ಅಂತ ಬಿಟ್ಟುಬಿಟ್ಟರೆ ಮತ್ತೆ ಬರುತ್ತದೆ. ಬಾಯಿಗೆ ಹಚ್ಚುವ ಹನಿ, ಚೀಪುವ ಮಾತ್ರೆ ಅನ್ನನಾಳಕ್ಕೆ ಸಾಲದು. ಇಲ್ಲಿ ಒಂದು ಎಚ್ಚರಿಕೆ. ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ಜೊತೆ ಫ್ಲುಕೊನಜೋಲ್ ಸೇರಿದರೆ ಆ ಶುಗರ್ ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿದು ಸಕ್ಕರೆ ಸಿಕ್ಕಾಪಟ್ಟೆ ಇಳಿಯಬಹುದು. ವಾರ್ಫರಿನ್ ಜೊತೆ ಸೇರಿದರೆ ರಕ್ತ ಮತ್ತೂ ತೆಳುವಾಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆಯ ಜೊತೆಗೂ ತೊಂದರೆ ಉಂಟು. ಅದಕ್ಕೇ ಆ ಮಾತ್ರೆಯ ಕವರ್ ತನ್ನಿ ಅಂತ ಅಷ್ಟು ಹೇಳಿದ್ದು. ಮೆಡಿಕಲ್ ಸ್ಟೋರಿನಲ್ಲಿ ‘ಹೋದ ಸಲದ್ದೇ ಕೊಡಿ’ ಅಂತ ನೀವೇ ಕೊಂಡು ನುಂಗುವ ಮಾತ್ರೆ ಇದಲ್ಲ.

ಗ್ಲೈಕೋಜೆನಿಕ್ ಅಕಾಂಥೋಸಿಸ್ ಅಂತ ಹೆಸರು ಬಂದರೆ, ಹೆಸರು ಮಾತ್ರ ದೊಡ್ಡದು. ನುಣುಪಾದ ಸಣ್ಣ ಬಿಳಿ ಉಬ್ಬುಗಳು, ಹೆಚ್ಚಾಗಿ ಒಂದು ಸೆಂಟಿಮೀಟರಿಗಿಂತ ಚಿಕ್ಕವು. ಮೇಲೆ ಹೇಳಿದ ಸಕ್ಕರೆಯ ದಾಸ್ತಾನು ಅಲ್ಲಿ ಸ್ವಲ್ಪ ಹೆಚ್ಚಾಗಿರುತ್ತದೆ, ಅಷ್ಟೇ. ಔಷಧ ಬೇಡ, ಪಥ್ಯ ಬೇಡ. ಗೋಡೆ ತುಂಬಾ ಲೆಕ್ಕವಿಲ್ಲದಷ್ಟು ಇದ್ದು, ಜೊತೆಗೆ ಕರುಳಲ್ಲಿ ಪಾಲಿಪ್ ಅನ್ನುವ ಗಂಟು, ಮನೆಯಲ್ಲಿ ಸ್ತನ ಅಥವಾ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮಾತ್ರ ಕೌಡೆನ್ ಸಿಂಡ್ರೋಮ್ ಅನ್ನುವ ಅಪರೂಪದ ವಂಶವಾಹಿ ಕಾಯಿಲೆ ನೆನಪಿಸಿಕೊಳ್ಳುತ್ತಾರೆ.

ಪ್ಯಾಪಿಲೋಮ ಅನ್ನುವುದು ನರುಳ್ಳೆಯಂಥ ಒಂದು ಬಿಳಿ ಬೆಳವಣಿಗೆ. ಸಾಮಾನ್ಯವಾಗಿ ಒಂಟಿ. ಬಯಾಪ್ಸಿ ಇಕ್ಕಳದಲ್ಲೇ ಪೂರ್ತಿ ಬಂದುಬಿಡುತ್ತದೆ ಎಷ್ಟೋ ಸಲ.

ಮಾತ್ರೆಯಿಂದ ಆಗುವ ಹುಣ್ಣಿನ ಬಗ್ಗೆ ಹೇಳಿದೆ ಅಲ್ವಾ. ರಾತ್ರಿ ಮಲಗುವ ಮುಂಚೆ ಒಂದು ಗುಟುಕು ನೀರಲ್ಲಿ ಮಾತ್ರೆ ನುಂಗಿ ಹಾಗೇ ಒರಗುವುದೇ ಇದಕ್ಕೆ ದಾರಿ. ಕೂತು ಅಥವಾ ನಿಂತು, ಒಂದು ಪೂರ್ತಿ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಹೊಟ್ಟೆಯ ಹುಳಿ ಮೇಲೆ ಬಂದು ಸುಟ್ಟ ಜಾಗದಲ್ಲೂ ಬಿಳಿ ಪೊರೆ ಇರುತ್ತದೆ, ಅದು ಕೆಳಭಾಗದಲ್ಲಿ.

ಹರೆಯದ ಹುಡುಗರು, ಅಲರ್ಜಿ ಅಥವಾ ಉಬ್ಬಸ ಇರುವವರು, ಊಟ ಆಗಾಗ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಬಂದರೆ, ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ, ಉದ್ದ ಗೀರು, ಬಳೆ ಬಳೆಯಾಗಿ ಉಂಗುರ ಕಂಡರೆ, ಅದು ಇಯೋಸಿನೋಫಿಲಿಕ್ ಈಸೊಫೆಜೈಟಿಸ್, ಅಂದರೆ ಅಲರ್ಜಿಯಿಂದ ಅನ್ನನಾಳ ಊದಿಕೊಳ್ಳುವ ಕಾಯಿಲೆ ಇರಬಹುದು. ದೂರದಿಂದ ಫಂಗಸ್ ಥರವೇ ಕಾಣುತ್ತದೆ. ಇದಕ್ಕೆ ಬೇರೆ ಬೇರೆ ಜಾಗದಿಂದ ಕನಿಷ್ಠ 6 ಚೂರು ಬೇಕು, ಯಾಕೆಂದರೆ ಕಾಯಿಲೆ ಗೋಡೆಯಲ್ಲಿ ಒಂದೇ ಸಮ ಇರುವುದಿಲ್ಲ. ಆಸಿಡಿಟಿ ಮಾತ್ರೆ, ನುಂಗುವ ಸ್ಟೆರಾಯ್ಡ್, ಆಹಾರದಲ್ಲಿ ಬದಲಾವಣೆ, ಇವುಗಳಿಂದ ಹತೋಟಿಗೆ ಬರುತ್ತದೆ. ಯಾರಿಗೇ ಆಗಲಿ, ಮಾಂಸದ ತುಂಡು ಸಿಕ್ಕಿಕೊಂಡು ಉಗುಳು ಕೂಡ ಇಳಿಯುತ್ತಿಲ್ಲ ಅಂದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸಿ ತಳ್ಳುವ ಪ್ರಯತ್ನ ಬೇಡ. ನೇರ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಬನ್ನಿ.

ಇನ್ನು ಎಲ್ಲರೂ ಹೆದರುವ ವಿಷಯ. ಲ್ಯೂಕೋಪ್ಲೇಕಿಯಾ ಅಂತ ಒಂದು ಇದೆ, ಬಾಯಲ್ಲಿ ಕಡ್ಡಿಪುಡಿ ಇಡುವ ಜಾಗದಲ್ಲಿ ಬರುವ ಬಿಳಿ ಮಚ್ಚೆಯ ಥರದ್ದೇ, ಅನ್ನನಾಳದಲ್ಲಿ. ಅಂಚು ಸ್ಪಷ್ಟ, ಮೇಲ್ಮೈ ಒರಟು, ಉಜ್ಜಿದರೆ ಏಳುವುದಿಲ್ಲ. ಅಪರೂಪ. ಆದರೆ ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇರುವುದರಿಂದ ಇದನ್ನು ಬಿಡದೆ ಮತ್ತೆ ಮತ್ತೆ ನೋಡುತ್ತಿರಬೇಕು. ಶುರುವಿನ ಕ್ಯಾನ್ಸರ್ ಕೂಡ ಕೆಲವೊಮ್ಮೆ ಗೆಡ್ಡೆಯಾಗಿ ಕಾಣದೆ ಸುಮ್ನೆ ಒಂದು ಮಾಸಲು ಬಿಳಿ ತೇಪೆಯಾಗಿ ಕಾಣುತ್ತದೆ. ಮೇಲ್ಪದರದಲ್ಲೇ ಇದ್ದಾಗ ಸಿಕ್ಕರೆ ಎದೆ ಕೊಯ್ಯದೆ ಎಂಡೋಸ್ಕೋಪಿಯಲ್ಲೇ ಸುಲಿದು ತೆಗೆಯಬಹುದು. ಬೀಡಿ, ಹೊಗೆಸೊಪ್ಪು, ಕುಡಿತ ಇದಕ್ಕೆ ಮುಖ್ಯ ಕಾರಣಗಳು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ವಿಭಾಗ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ‘ಬಹುಶಃ ತರುತ್ತದೆ’ ಅನ್ನುವ ಪಟ್ಟಿಗೆ ಹಾಕಿತು. ಕುದಿಯುವ ಕಾಫಿಯನ್ನು ಸೊರ್ ಅಂತ ಇಳಿಸುವವರು ಎರಡು ನಿಮಿಷ ಆರಿಸಿ ಕುಡಿಯಿರಿ.

ಸೀಸೆ ಮತ್ತು ರಿಪೋರ್ಟು

ಬಹಳ ಕಡೆ ಬಯಾಪ್ಸಿ ಚೂರು ಇರುವ ಸೀಸೆಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ಕೈಗೆ ಬಂದ ತಕ್ಷಣ ಹೆಸರು, ವಯಸ್ಸು, ನಂಬರ್ ಸರಿ ಇದೆಯಾ ನೋಡಿ. ಒಳಗಿರುವ ನೀರು ನೀರಲ್ಲ, ಫಾರ್ಮಲಿನ್. ಚೂರು ಕೆಡದಂತೆ ಇಡುವುದು ಅದೇ. ಮುಚ್ಚಳ ತೆಗೆಯಬೇಡಿ, ಮೂಸಬೇಡಿ, ಚೆಲ್ಲಿ ಬೇರೆ ನೀರು ತುಂಬಬೇಡಿ. ಫ್ರಿಡ್ಜಿನಲ್ಲಿ ಇಡಬೇಕಿಲ್ಲ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೂ ಬಿಡಬೇಡಿ. ಊಟಕ್ಕೆ ಹೋಗುವ ಮೊದಲು ಲ್ಯಾಬಿಗೆ ಕೊಟ್ಟು ರಸೀದಿ ತಗೊಳ್ಳಿ. ಸೀಸೆಯ ಜೊತೆ ಹೋಗುವ ಚೀಟಿಯಲ್ಲಿ ಶುಗರ್, ಇನ್ಹೇಲರ್, ಕಡ್ಡಿಪುಡಿ ವಿಷಯ ಬರೆದಿದೆಯಾ ಅಂತಲೂ ಕೇಳಿ, ಚೂರು ನೋಡುವ ಡಾಕ್ಟರಿಗೆ ಅದು ಬೇಕು.

ನಮ್ಮ ದೊಡ್ಡಪ್ಪ ಪಾಂಡವಪುರ ತಾಲ್ಲೂಕಿನವರು. ಚಿಕ್ಕ ವಯಸ್ಸಿನಿಂದ ಎಲೆ ಅಡಿಕೆ, ಕಡ್ಡಿಪುಡಿ. ಮುದ್ದೆ ನಿಲ್ಲುತ್ತದೆ ಅಂತ ಒಂದು ಕಡೆ ತೋರಿಸಿದರು. ಬಿಳಿ ಮಚ್ಚೆ ಕಂಡಿತು, ಚೂರು ತೆಗೆದರು, ಫಂಗಸ್ ಇರಬಹುದು ಅಂತ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಸಲೀಸಾಯಿತು ಅಂದರು. ಸರಿ, ಆಯಿತಲ್ಲ ಅಂತ ಎಲ್ಲರೂ ಅಂದುಕೊಂಡೆವು. ಬಯಾಪ್ಸಿ ರಿಪೋರ್ಟ್ ತರುವುದಕ್ಕೆ ಯಾರೂ ಹೋಗಲಿಲ್ಲ, ಆ ಕಡೆಯಿಂದ ಫೋನೂ ಬರಲಿಲ್ಲ. ಗದ್ದೆ ನಾಟಿ ಬಂತು, ಕೊಯ್ಲು ಬಂತು, ತಂಗಿಯ ಮದುವೆ ಬಂತು. ಏಳು ತಿಂಗಳಾದ ಮೇಲೆ ನೀರೂ ಇಳಿಯದೆ ಹೋದಾಗ ಹಳೆಯ ರಿಪೋರ್ಟ್ ತೆಗೆಸಿದೆವು. ‘ಹೈ ಗ್ರೇಡ್ ಡಿಸ್ಪ್ಲೇಸಿಯಾ, ಮತ್ತೆ ಬಯಾಪ್ಸಿ ಮಾಡಿ’ ಅಂತ, ಅಂದರೆ ಕ್ಯಾನ್ಸರಿಗೆ ತೀರಾ ಹತ್ತಿರದ ಬದಲಾವಣೆ ಅಂತ ಸ್ಪಷ್ಟವಾಗಿ ಬರೆದಿತ್ತು, ಪರೀಕ್ಷೆ ಆದ ಐದನೇ ದಿನದ ತಾರೀಖು. ಅಷ್ಟರಲ್ಲಿ ಅದು ಬೆಳೆದಿತ್ತು. ರೇಡಿಯೇಷನ್ ಆಯಿತು, ಒಂದೂವರೆ ವರ್ಷ ಇದ್ದರು. ಆಗ ನಾನು ನರ್ಸಿಂಗ್ ಓದುತ್ತಿದ್ದೆ. ರಿಪೋರ್ಟ್ ಎಲ್ಲಿ ಅಂತ ಕೇಳಬೇಕು ಅನ್ನುವುದು ನನಗೂ ಹೊಳೆಯಲಿಲ್ಲ.

ರಿಪೋರ್ಟ್ ಬಂದಾಗ ಅದರಲ್ಲಿ ಹುಡುಕಬೇಕಾದ ಪದಗಳು ಕೆಲವು. ‘ಹೈಫೇ’, ‘ಸ್ಪೋರ್ಸ್’ ಅಂದರೆ ಫಂಗಸ್ ಸಿಕ್ಕಿದೆ. ‘ಇಯೋಸಿನೋಫಿಲ್ಸ್’ ಪಕ್ಕದಲ್ಲಿ 15 ಅಥವಾ ಹೆಚ್ಚಿನ ಅಂಕಿ ಇದ್ದರೆ ಅಲರ್ಜಿಯ ಕಾಯಿಲೆಯ ಕಡೆ ಬೆರಳು. ‘ಡಿಸ್ಪ್ಲೇಸಿಯಾ’ ಅಂದರೆ ಜೀವಕೋಶಗಳು ದಾರಿ ತಪ್ಪಲು ಶುರು ಮಾಡಿವೆ, ಲೋ ಗ್ರೇಡ್ ಇರಲಿ ಹೈ ಗ್ರೇಡ್ ಇರಲಿ ಅದೇ ವಾರ ಡಾಕ್ಟರನ್ನು ಕಾಣಬೇಕು. ‘ಇನ್‌ಅಡಿಕ್ವೇಟ್’ ಅಂದರೆ ಚೂರು ಸಾಲಲಿಲ್ಲ, ಉತ್ತರ ಇನ್ನೂ ಬಂದಿಲ್ಲ. ‘ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ’ ಒಳ್ಳೆಯ ಮಾತು, ಆದರೆ ಅದು ತೆಗೆದ ಆ ಚೂರಿನ ಬಗ್ಗೆ ಮಾತ್ರ. ದಪ್ಪ ಬಿಳಿ ಪದರದ ಕೆಳಗೆ ಅಡಗಿದ ಬೆಳವಣಿಗೆಯಲ್ಲಿ ಮೇಲಿನ ಚೂರು ಸುಳ್ಳೇ ನೆಮ್ಮದಿ ಕೊಡುವುದುಂಟು. ರಿಪೋರ್ಟ್ ಚೆನ್ನಾಗಿದ್ದು ಮುದ್ದೆ ಇನ್ನೂ ನಿಲ್ಲುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಔಷಧ ಮುಗಿದರೂ ಹಾಗೇ ಇದ್ದರೆ, ಮತ್ತೆ ಬಂದು ‘ಇನ್ನೊಂದು ಸಲ ನೋಡಿ’ ಅಂತ ಕೇಳಿ. ಮೊದಲಿನ ಫೋಟೋ ಹಾಳೆ ತನ್ನಿ, ಅದೇ ಸೆಂಟಿಮೀಟರಿನಲ್ಲಿ ಹುಡುಕಬಹುದು.

ನಮ್ಮ ಕೋಣೆಯಿಂದ ಬಯಾಪ್ಸಿ ಆಗಿ ಹೊರಡುವವರ ಚೀಟಿಯ ಹಿಂದೆ ನಾನು ಮೂರು ಸಾಲು ಬರೆದುಕೊಡುತ್ತೇನೆ. ಲ್ಯಾಬ್ ನಂಬರ್, ರಿಪೋರ್ಟ್ ಸಿಗುವ ದಿನ, ಅದನ್ನು ತರಲು ಬರುವವರ ಹೆಸರು. ಮೂರನೆಯದನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ. ‘ಯಾರಾದರೂ ಬರುತ್ತೇವೆ ಸಿಸ್ಟರ್’ ಅಂದರೆ ಬರೆದುಕೊಳ್ಳುವುದಿಲ್ಲ, ಒಬ್ಬರ ಹೆಸರು ಹೇಳುವವರೆಗೆ ಪೆನ್ನು ಹಿಡಿದು ನಿಂತಿರುತ್ತೇನೆ.